ಹಳದಿ, ಹಸಿರು ಮತ್ತು ನನ್ನ ಹರಕು ಅರಬ್ಬಿ

ಕುವೈತಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಜವಾಬ್ದಾರಿಯದ್ದು ಯಾವುದೆಂದು ಯಾರಾದರೂ ಕೇಳಿದರೆ, ಇಬ್ಬರು ಅರಬರ ನಡುವೆ ಅರಬ್ಬಿ ದುಭಾಷಿಯಾಗಿದ್ದದ್ದು ಎಂದೇ ಹೇಳುತ್ತೇನೆ. ಇಬ್ಬರ ಮನೆಮಾತೂ ಅರಬ್ಬಿ. ಇಬ್ಬರೂ ಒಂದೇ ತಾಯಿಯ ಮಕ್ಕಳು. ನನಗೆ ಅರಬ್ಬಿ ಬರುತ್ತಿರಲಿಲ್ಲ. ಇಷ್ಟೆಲ್ಲ ಅರ್ಹತೆ ಕೂಡಿಬಂದ ಹುದ್ದೆ ಮನುಷ್ಯನಿಗೆ ಜೀವನದಲ್ಲಿ ಒಂದು ಸಲ ಸಿಕ್ಕಿದರೆ ಹೆಚ್ಚು. ಇಕಾಮಾದಲ್ಲಿ, ಅಂದರೆ ಅಲ್ಲಿನ ವಾಸದ ಪರವಾನಗಿಯಲ್ಲಿ, ಮಾತ್ರ ನನ್ನ ಕೆಲಸ ಪ್ರಿಂಟಿಂಗ್ ಮೆಷಿನ್ ನಡೆಸುವುದು ಎಂದಿತ್ತು.

ಹವಲ್ಲಿಯ ಹಳೇ ಕಟ್ಟಡವೊಂದರ ನೆಲಮಹಡಿಯಲ್ಲಿ ನಮ್ಮ ಪ್ರೆಸ್ಸು. ಒಂದು ಪಕ್ಕ ಮೊಬೈಲ್ ರಿಪೇರಿ ಅಂಗಡಿ, ಇನ್ನೊಂದು ಪಕ್ಕ ಕ್ಷೌರದಂಗಡಿ. ಹೋಟೆಲಿನ ಮೆನು, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು, ಮದುವೆ ಕಾರ್ಡು, ನಮ್ಮವರ ಸಂಘಗಳ ಕರೆಯೋಲೆ, ಏನು ಬಂದರೂ ಅಚ್ಚು ಹಾಕುತ್ತಿದ್ದೆವು. ಕಫೀಲ್, ಅಂದರೆ ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಆ ಯಜಮಾನರು, ಕುವೈತಿನವರು. ತಿಂಗಳಿಗೊಮ್ಮೆ ಬಂದು ಚಹಾ ಕುಡಿದು, ಅಂಗಡಿಯಲ್ಲಿ ರಾಜಕೀಯ ಮಾತಾಡಬೇಡಿ ಎಂದು ಹೇಳಿ ಹೋಗುತ್ತಿದ್ದರು. ನಡೆಸುತ್ತಿದ್ದವರು ಪ್ಯಾಲೆಸ್ತೀನಿನ ಅಣ್ಣ ತಮ್ಮ. ಅಣ್ಣ ಮುಂದಿನ ಕೌಂಟರಿನಲ್ಲಿ ಕೂರುತ್ತಿದ್ದರು. ಅವರನ್ನು ನಾನು ಮುದೀರ್ ಎನ್ನುತ್ತಿದ್ದೆ, ಮ್ಯಾನೇಜರ್ ಎಂದು ಅರ್ಥ. ತಮ್ಮ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ. ಅವರನ್ನು ಉಸ್ತಾದ್ ಎನ್ನುತ್ತಿದ್ದೆ. ಇಬ್ಬರ ನಡುವೆ ಒಂದು ಪ್ಲೈವುಡ್ ಗೋಡೆ, ಒಂದು ಮೆಷಿನ್, ಮತ್ತು ನಾನು.

ಹವಲ್ಲಿ ಒಂದು ಕಾಲಕ್ಕೆ ಪ್ಯಾಲೆಸ್ತೀನಿಯರದೇ ಊರಾಗಿತ್ತಂತೆ. ಇರಾಕಿನವರು ಕುವೈತನ್ನು ನುಂಗಿದಾಗ ಪ್ಯಾಲೆಸ್ತೀನಿಯರ ಹಳದಿ ಬಾವುಟದ ಪಕ್ಷದ ದೊಡ್ಡ ನಾಯಕರು ನುಂಗಿದವರನ್ನೇ ಹೋಗಿ ತಬ್ಬಿಕೊಂಡರು. ತಬ್ಬಿಕೊಂಡವರು ಇದ್ದದ್ದು ದೂರದ ಊರಿನಲ್ಲಿ. ಯುದ್ಧ ಮುಗಿದ ಮೇಲೆ ಗಂಟುಮೂಟೆ ಕಟ್ಟಿದವರು ಹವಲ್ಲಿಯಲ್ಲಿ ಸಂಸಾರ ಹೂಡಿದ್ದವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳ ಬೇಕಾಗಲಿಲ್ಲ, ಅಪ್ಪುಗೆಯಲ್ಲೇ ಬಡವಾಯಿತು. ಅವರು ಬಿಟ್ಟುಹೋದ ಮನೆಗಳಿಗೆ ನಾವು ಬಂದೆವು. ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನ ಅಡುಗೆ ಕಪಾಟಿನಲ್ಲಿ ಆಲಿವ್ ಎಣ್ಣೆಯ ಡಬ್ಬ ಇಟ್ಟ ಕಲೆಯೊಂದಿತ್ತು. ನನ್ನ ಹೆಂಡತಿ ವಿಮ್ ಹಾಕಿ ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ.

ಹೇಗೋ ಉಳಿದುಕೊಂಡ ಕೆಲವರಲ್ಲಿ ಈ ಅಣ್ಣ ತಮ್ಮನೂ ಸೇರಿದ್ದರು. ಆ ಅಪ್ಪುಗೆಯ ಮೇಲಿನ ಸಿಟ್ಟಿನಲ್ಲೇ ಅಣ್ಣ ಹಳದಿಯನ್ನು ಬಿಟ್ಟು ಹಸಿರು ಬಾವುಟದವರ ಕಡೆಗೆ ವಾಲಿದರು. ತಮ್ಮ ಹಳದಿಯಲ್ಲೇ ಉಳಿದರು. ಹಳದಿಯವರು ಮಾತುಕತೆಯಿಂದ ಏನಾದರೂ ಸಿಕ್ಕೀತು ಎನ್ನುವವರು. ಹಸಿರಿನವರು ಮಾತುಕತೆಯೆಲ್ಲ ಮೋಸ, ಧರ್ಮವೇ ದಾರಿ ಎನ್ನುವವರು. ನನಗೆ ಅರ್ಥವಾದದ್ದು ಇಷ್ಟು. ಇದಕ್ಕಿಂತ ಹೆಚ್ಚು ಅರ್ಥವಾದವರೆಲ್ಲ ಜಗಳಕ್ಕೆ ಬಿದ್ದಿದ್ದರು. ಕೆಂಪು ಬಾವುಟದವರೂ ಇದ್ದರು. ನಮ್ಮ ಪಕ್ಕದ ಕ್ಷೌರಿಕ ಆ ಪೈಕಿ. ಬೀದಿಗೆಲ್ಲ ತಾನೊಬ್ಬನೇ ಆದುದರಿಂದ ಪಕ್ಷ ಒಡೆಯಲು ದಾರಿಯಿಲ್ಲದೆ ಆತ ಸದಾ ಬೇಸರದಲ್ಲಿರುತ್ತಿದ್ದ.

ಪಕ್ಷ ಒಡೆಯುವ ವಿದ್ಯೆಯಲ್ಲಿ ನನಗೂ ಸ್ವಲ್ಪ ಅನುಭವವಿತ್ತು. ನಾವು ಕರಾವಳಿಯವರು ಕುವೈತಿನಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದೆವು. ವಾರ್ಷಿಕೋತ್ಸವದಲ್ಲಿ ದೀಪ ಹಚ್ಚುವ ಮೇಣದ ಬತ್ತಿಯನ್ನು ಮೊದಲು ಯಾರ ಕೈಗೆ ಕೊಡಬೇಕು ಎಂಬ ತಾತ್ವಿಕ ಭಿನ್ನಾಭಿಪ್ರಾಯದಿಂದ ಅದು ಎರಡಾಯಿತು. ಆಮೇಲೆ ಇಬ್ಬರು ಅಧ್ಯಕ್ಷರು, ಎರಡು ರಾಜ್ಯೋತ್ಸವ, ಅದೇ ಶಾಲೆಯ ಅದೇ ಸಭಾಂಗಣ, ಅದೇ ಅಡುಗೆಯವನ ಅದೇ ನೀರ್‌ದೋಸೆ. ಪ್ರೆಸ್ಸಿನವನು ಬೇಕಾಗುತ್ತಾನೆಂದು ಎರಡು ಕಡೆಯವರೂ ನನ್ನನ್ನು ಸಮಿತಿಗೆ ಹಾಕಿಕೊಂಡರು. ಹಾಗಾಗಿ ಗಾಜಾದ ಸುದ್ದಿ ಬಂದಾಗಲೆಲ್ಲ ನನಗೆ ತೀರಾ ಪರದೇಶದ ವಿಷಯ ಅನಿಸುತ್ತಿರಲಿಲ್ಲ. ಅವರ ಹತ್ತಿರ ಬಂದೂಕು ಇತ್ತು, ನಮ್ಮವರ ಹತ್ತಿರ ಇರಲಿಲ್ಲ.

ಅಣ್ಣ ತಮ್ಮ ಬಹಳ ವರ್ಷ ಬಣ್ಣ ಬೇರೆಯಾದರೂ ಒಂದೇ ತಟ್ಟೆಯಲ್ಲಿ ಉಂಡವರು. ಅಣ್ಣನ ಮಗಳನ್ನು ತಮ್ಮನ ಮಗನಿಗೆ ಕೊಡುವುದೆಂದು ಹಿರಿಯರೆದುರು ಕುರಾನಿನ ಫಾತಿಹಾ ಓದಿ ನಿಶ್ಚಯವೂ ಆಗಿತ್ತು. ಅವರಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಮದುವೆಯಾಗುವುದುಂಟು. ನಮ್ಮ ಸೋದರಮಾವನ ಮಗಳ ಲೆಕ್ಕ ವಿವರಿಸಲು ಹೋದಾಗ ಅವರಿಬ್ಬರೂ ಮುಖ ಸಿಂಡರಿಸಿದ್ದರಿಂದ ಆ ವಿಷಯ ಅಲ್ಲಿಗೇ ಬಿಟ್ಟಿದ್ದೆ. ಹುಡುಗಿ ಹತ್ತಿರದ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಮಧ್ಯಾಹ್ನ ಅಪ್ಪನಿಗೆ ಊಟ ತಂದರೆ ಚಿಕ್ಕಪ್ಪನ ಕೋಣೆಗೂ ಒಂದು ಡಬ್ಬ ಹೋಗುತ್ತಿತ್ತು, ಯಾಕೆಂದರೆ ಅಲ್ಲಿ ಒಮ್ಮೊಮ್ಮೆ ಹುಡುಗನೂ ಇರುತ್ತಿದ್ದ. ಇಬ್ಬರೂ ಏನೂ ಮಾತಾಡುತ್ತಿರಲಿಲ್ಲ. ಡಬ್ಬದ ಮುಚ್ಚಳ ತೆಗೆಯಲು ಮಾತ್ರ ಬಹಳ ಹೊತ್ತು ಹಿಡಿಯುತ್ತಿತ್ತು.

ಆಮೇಲೆ ಪ್ಯಾಲೆಸ್ತೀನಿನಲ್ಲಿ ಚುನಾವಣೆ ನಡೆದು ಹಸಿರಿನವರು ಗೆದ್ದರು. ಮರುದಿನ ಅಣ್ಣ ಬಕ್ಲಾವಾ ಎಂಬ ಸಿಹಿ ತಂದು ಹಂಚಿದರು. ತಮ್ಮ ಡಬ್ಬವನ್ನು ಮುಟ್ಟಲಿಲ್ಲ. ನನಗೆ ಪಕ್ಷವಿರಲಿಲ್ಲವಾದ್ದರಿಂದ ನಾನು ಅವರ ಪಾಲನ್ನೂ ತಿಂದೆ. ಅಣ್ಣ ಏನೋ ಅಂದರು, ತಮ್ಮ ಅದಕ್ಕೊಂದು ಅಂದರು, ಪ್ಲೈವುಡ್ ಗೋಡೆ ನಡುಗಿತು. ಕೊನೆಗೆ ಅಣ್ಣ ನನ್ನ ಕಡೆ ತಿರುಗಿ, "ಸದೀಖ್, ಅವನಿಗೆ ಹೇಳು, ಇನ್ನು ನನ್ನ ಅವನ ನಡುವೆ ಮಾತಿಲ್ಲ" ಎಂದರು. ಸದೀಖ್ ಎಂದರೆ ಗೆಳೆಯ. ತಮ್ಮ ಮೂರು ಮಾರು ದೂರದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆದರೂ ನಾನು ಒಳಗೆ ಹೋಗಿ, "ಉಸ್ತಾದ್, ಮುದೀರ್ ಜಾಲಾನ್. ಕಲಾಮ್ ಮಾಫಿ" ಎಂದು ವರದಿ ಒಪ್ಪಿಸಿದೆ. ಮುದೀರರಿಗೆ ಸಿಟ್ಟು ಬಂದಿದೆ, ಮಾತು ಇಲ್ಲ ಎಂದು. ನನ್ನ ರಾಯಭಾರ ಶುರುವಾದದ್ದು ಹಾಗೆ.

ನನ್ನ ಅರಬ್ಬಿಯ ಬಗ್ಗೆ ಎರಡು ಮಾತು ಹೇಳಬೇಕು. ಅದು ಕೊಲ್ಲಿಗೆ ಬಂದ ನಮ್ಮವರೆಲ್ಲ ಆಡುವ ಅರಬ್ಬಿ. ಕ್ರಿಯಾಪದ, ಲಿಂಗ, ವಚನ ಮುಂತಾದ ದುಂದುಗಾರಿಕೆ ಅದರಲ್ಲಿಲ್ಲ. ಇದೆ ಎನ್ನಲು ಫಿ, ಇಲ್ಲ ಎನ್ನಲು ಮಾಫಿ. ಒಳ್ಳೆಯದೆಲ್ಲ ಜೇನ್, ಕೆಟ್ಟದ್ದೆಲ್ಲ ಮಾಫಿ ಜೇನ್. ದುಃಖ, ಕೋಪ, ಅವಮಾನ, ವೈರಾಗ್ಯ, ನಾಲ್ಕಕ್ಕೂ ಜಾಲಾನ್ ಎಂಬ ಒಂದೇ ಪದ. ಈ ಬಂಡವಾಳದಲ್ಲಿ ನಾನು ಪ್ಯಾಲೆಸ್ತೀನಿನ ಸಮಸ್ಯೆಯನ್ನು ಆ ಗೋಡೆಯ ಆ ಕಡೆಯಿಂದ ಈ ಕಡೆಗೆ ಸಾಗಿಸಬೇಕಿತ್ತು.

ಒಂದು ದಿನ ಅಣ್ಣ ಟಿವಿ ನೋಡುತ್ತಾ ಕೆಂಡವಾಗಿ, "ಹೋಗಿ ಹೇಳು ಅವನಿಗೆ. ಮಂತ್ರಿ ಕುರ್ಚಿಗಾಗಿ ದೇಶ ಮಾರುವವರು ನಾಳೆ ಅಪ್ಪನ ಹೆಣದ ಮೇಲಿನ ಬಟ್ಟೆಯನ್ನೂ ಮಾರುತ್ತಾರೆ" ಎಂದರು. ಅದರಲ್ಲಿ ಆಗ ನನಗೆ ತಿಳಿದದ್ದು ಕುರ್ಸಿ ಎಂಬ ಒಂದೇ ಶಬ್ದ, ಉಳಿದದ್ದು ತಿಳಿದದ್ದು ಬಹಳ ಆಮೇಲೆ. ಒಳಗೆ ಹೋಗಿ, "ಮುದೀರ್ ಜಾಲಾನ್. ಕುರ್ಸಿ ಮಾಫಿ ಜೇನ್" ಎಂದೆ. ಕುರ್ಚಿ ಸರಿಯಿಲ್ಲ. ತಮ್ಮ ಯೋಚಿಸಿದರು. ಅಣ್ಣನಿಗೆ ಬೆನ್ನುನೋವಿತ್ತು. ಸಂಜೆಗೆ ಹೊಸ ತಿರುಗುವ ಕುರ್ಚಿಯೊಂದು ಕೌಂಟರಿಗೆ ಬಂತು, ಬೆನ್ನಿಗೆ ದಿಂಬು ಇದ್ದದ್ದು. ಅಣ್ಣ ಅದರ ಮೇಲೆ ಕೂತು, ಒಮ್ಮೆ ತಿರುಗಿ, ಮೂಗು ಒರೆಸಿಕೊಂಡರು.

ಇನ್ನೊಂದು ದಿನ ತಮ್ಮನ ಸರದಿ. ಗಡ್ಡದವರೆಲ್ಲ ಸೇರಿ ದೇಶವನ್ನು ಒಲೆಗೆ ಹಾಕಿದರು ಎಂದು ಹೇಳಲು ನನ್ನನ್ನು ಕಳಿಸಿದರು. ಒಲೆಗೂ ಬೇಕರಿಗೂ ಅರಬ್ಬಿಯಲ್ಲಿ ಒಂದೇ ಪದ. ನಾನು ಹೋಗಿ, ಉಸ್ತಾದರಿಗೆ ಬೇಕರಿ ಬೇಕು ಎಂಬ ಅರ್ಥ ಬರುವ ಹಾಗೆ ಏನೋ ಅಂದೆ. ಅಣ್ಣ ಗಲ್ಲಾ ಬಿಟ್ಟು ಎದ್ದುಹೋಗಿ ಎಳ್ಳು, ಝಾತರ್ ಎಂಬ ಸೊಪ್ಪಿನ ಪುಡಿ ಹಾಕಿದ ಬಿಸಿ ರೊಟ್ಟಿ ಕಟ್ಟಿಸಿಕೊಂಡು ಬಂದು ಒಳಗೆ ಕಳಿಸಿದರು. ತಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾಕೆ" ಎಂದು ಕೇಳಿದರು. "ಮಾಫಿ ಮಾಲೂಮ್" ಎಂದೆ, ಗೊತ್ತಿಲ್ಲ ಎಂದು. ಅದು ನಿಜವೂ ಆಗಿತ್ತು.

ಹೀಗೆ ಆರೇಳು ತಿಂಗಳು ಶಾಂತಿ ಚೆನ್ನಾಗಿ ನಡೆಯುತ್ತಿರುವಾಗ ನನಗೆ ಸುಧಾರಿಸುವ ಬುದ್ಧಿ ಬಂತು. ಬಂಟ್ವಾಳ ಕಡೆಯ ಬ್ಯಾರಿ ಸ್ನೇಹಿತನೊಬ್ಬ ಸಂಜೆಯ ಅರಬ್ಬಿ ತರಗತಿಗೆ ಹೋಗುತ್ತಿದ್ದ. "ಫ್ರೀ ಉಂಟು, ಚಹಾವೂ ಕೊಡ್ತಾರೆ, ಬನ್ನಿ ಮಾರಾಯ್ರೆ" ಎಂದು ನನ್ನನ್ನೂ ಎಳೆದುಕೊಂಡು ಹೋದ. ಹೆಂಡತಿ ಮೊದಲೇ ಎಚ್ಚರಿಸಿದ್ದಳು.

"ನಿಮಗೆ ಕನ್ನಡದಲ್ಲೇ ಎರಡು ಸಂಘದವರನ್ನು ಒಟ್ಟು ಮಾಡ್ಲಿಕ್ಕೆ ಆಗ್ಲಿಲ್ಲ. ಇನ್ನು ಅರಬ್ಬಿ ಕಲ್ತು ಎಂತ ಮಾಡುದು?"

"ಕಲ್ತರೆ ಒಳ್ಳೇದಲ್ವಾ?" ಎಂದೆ.

"ಯಾರಿಗೆ?" ಎಂದು ಕೇಳಿ ಅವಳು ಮೀನು ಹುರಿಯಲು ಹೋದಳು.

ಕಲಿತೆ. ಮಳೆಗಾಲದ ಬಸಳೆಯ ಹಾಗೆ ನನ್ನ ಅರಬ್ಬಿ ಹಬ್ಬಿತು. ಕ್ರಿಯಾಪದಗಳು ಬಂದವು. ಖಾಇನ್ ಎಂದರೆ ದ್ರೋಹಿ ಎಂದು ತಿಳಿಯಿತು. ತಿಳಿದ ಮರುದಿನವೇ ಅಣ್ಣ ಆ ಪದ ಬಳಸಿದರು, ನಾನು ಜೋಪಾನವಾಗಿ ಎತ್ತಿಕೊಂಡು ಹೋಗಿ ತಮ್ಮನ ಮುಂದಿಟ್ಟೆ. ತಮ್ಮನ ಉತ್ತರವನ್ನೂ ಸ್ತ್ರೀಲಿಂಗ ಪುಲ್ಲಿಂಗ ತಪ್ಪದ ಹಾಗೆ ಮುಟ್ಟಿಸಿದೆ. ವಾರದೊಳಗೆ ತಿರುಗುವ ಕುರ್ಚಿ ಅಂಗಡಿಯ ಹೊರಗೆ ಬಂದು ಬಿತ್ತು. ಕ್ಷೌರಿಕ ಅದನ್ನು ಒಳಗೆ ಎಳೆದುಕೊಂಡ. ಕೆಂಪು ಬಾವುಟಕ್ಕೆ ಅಷ್ಟು ವರ್ಷಗಳ ಹೋರಾಟದಲ್ಲಿ ಸಿಕ್ಕಿದ ಏಕೈಕ ಕುರ್ಚಿ ಅದು. ತಮ್ಮ ಊಟದ ಡಬ್ಬವನ್ನು ಮುಚ್ಚಳ ತೆಗೆಯದೆ ವಾಪಸು ಕಳಿಸತೊಡಗಿದರು.

ಒಂದು ಮಧ್ಯಾಹ್ನ ಹುಡುಗಿ ಆ ಡಬ್ಬ ಹಿಡಿದುಕೊಂಡೇ ನನ್ನ ಮೆಷಿನ್ ಹತ್ತಿರ ಬಂದಳು. ನನ್ನೊಡನೆ ಅವಳು ಇಂಗ್ಲಿಷಿನಲ್ಲಿ ಮಾತಾಡುವುದು.

"ಅಂಕಲ್, ನೀವು ಅರಬ್ಬಿ ಕ್ಲಾಸಿಗೆ ಹೋಗುತ್ತಿದ್ದೀರಾ?"

ಹೌದೆಂದೆ. ಹೊಗಳುತ್ತಾಳೆ ಎಂದುಕೊಂಡು ಕೈ ಒರೆಸಿಕೊಂಡು ನಿಂತೆ.

"ದಯವಿಟ್ಟು ಬಿಟ್ಟುಬಿಡಿ. ಅಪ್ಪ ನಿಶ್ಚಯ ಮುರಿಯುವ ಮಾತಾಡುತ್ತಿದ್ದಾರೆ. ಅಮ್ಮಾನಿನಲ್ಲಿ ಯಾರೋ ಇದ್ದಾನಂತೆ, ಅವನ ಫೋಟೋ ತರಿಸಿದ್ದಾರೆ. ನಾನು ನೋಡಿಲ್ಲ. ನನಗೆ ಬೇರೆ ಯಾರೂ ಬೇಡ ಅಂಕಲ್. ನೀವು ಮೊದಲಿನ ಹಾಗೇ ಮಾತಾಡಿ."

ಅವಳ ಕಣ್ಣು ಕೆಂಪಾಗಿತ್ತು. ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ನನ್ನ ಬದುಕಿನಲ್ಲಿ ಯಾರೂ ಅತ್ತಿರಲಿಲ್ಲ. ಬಿಡುತ್ತೇನೆ ಮಗೂ ಎಂದೆ. ಕಲಿತದ್ದನ್ನು ಮರೆಯುವುದು ನನಗೆ ಶಾಲಾದಿನಗಳಿಂದ ಕರಗತವಾದ ವಿದ್ಯೆ, ಕಷ್ಟವಾಗಲಿಲ್ಲ. ಎಷ್ಟು ಬೈಗುಳ ಬಂದರೂ ಮತ್ತೆ ಜಾಲಾನ್, ಮತ್ತೆ ಮಾಫಿ ಜೇನ್. ಅಡ್ಡಗೋಡೆಯ ಮೇಲೆ ದೀಪ ಇಡುವುದು ಕೆಟ್ಟ ಗುಣ ಎನ್ನುತ್ತಾರೆ. ಗೋಡೆಯ ಎರಡೂ ಕಡೆ ಮದ್ದುಗುಂಡು ಇದ್ದಾಗ ದೀಪವನ್ನು ಇನ್ನೆಲ್ಲಿಡುವುದು ಎಂದು ನನಗೆ ಗೊತ್ತಿಲ್ಲ.

ಆ ಚಳಿಗಾಲದಲ್ಲಿ ಹಳದಿಯವರೂ ಹಸಿರಿನವರೂ ಹಜ್ ಯಾತ್ರೆಯ ಪವಿತ್ರ ನಗರದಲ್ಲಿ ಸೇರಿ ಒಪ್ಪಂದ ಮಾಡಿಕೊಂಡರು. ಟಿವಿಯಲ್ಲಿ ನಾಯಕರು ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟುಕೊಂಡರು. ನಮ್ಮಲ್ಲೂ ಅದರ ಫಲ ಕಂಡಿತು. ಅಮ್ಮಾನಿನ ಫೋಟೋ ಕೌಂಟರಿನ ಡ್ರಾವರಿಗೆ ಹೋಯಿತು, ಮದುವೆ ಕಾರ್ಡಿನ ಕೆಲಸ ಶುರುವಾಯಿತು. ಅಣ್ಣನಿಗೆ ಕಾರ್ಡಿನ ಅಂಚು ಹಸಿರಿರಬೇಕು, ಅದು ಧರ್ಮದ ಬಣ್ಣ. ತಮ್ಮನಿಗೆ ಹಳದಿ ಇರಬೇಕು, ಅದು ಗೋಧಿಯ ಬಣ್ಣ. ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಬಣ್ಣದಲ್ಲಿ ಒಂದೊಂದು ಮಾದರಿ ತೆಗೆದುಕೊಟ್ಟೆ. ಅಣ್ಣ ಹಸಿರಿನ ಮಾದರಿಯನ್ನು ಬೆಳಕಿಗೆ ಹಿಡಿದು, ಹಸಿರು ಎಂದರೆ ಹೀಗಿರಬೇಕು, ಎಷ್ಟು ಶುದ್ಧ ಎಂದು ಮೆಚ್ಚಿದರು. ಹಸಿರು ಶಾಯಿಯ ಡಬ್ಬ ಖಾಲಿಯಾಗಿದ್ದುದರಿಂದ ಅದನ್ನು ನಾನು ಹಳದಿಗೆ ನೀಲಿ ಬೆರೆಸಿ ಮಾಡಿದ್ದೆ. ಹೊಟ್ಟೆಪಾಡಿನ ವಿಷಯವಾದ್ದರಿಂದ ಯಾರಿಗೂ ಹೇಳಲಿಲ್ಲ. ಕೊನೆಗೆ ಹುಡುಗಿಯೇ ಬಂದು ಬಿಳಿ ಕಾರ್ಡಿಗೆ ಕಂದು ಅಕ್ಷರ ಎಂದು ತೀರ್ಮಾನ ಮಾಡಿದಳು. ಬೇಸಿಗೆಯ ಕೊನೆಗೆ ಮದುವೆ ಎಂದಾಯಿತು.

ಬೇಸಿಗೆ ಶುರುವಾಗುವಷ್ಟರಲ್ಲಿ ಮುತ್ತಿಟ್ಟುಕೊಂಡವರ ಜನ ಗಾಜಾದಲ್ಲಿ ಒಬ್ಬರನ್ನೊಬ್ಬರು ಹುಡುಕಿ ಹುಡುಕಿ ಹೊಡೆಯತೊಡಗಿದರು. ಈ ಕಡೆಯವರು ಆ ಕಡೆಯವರನ್ನು, ಆ ಕಡೆಯವರು ಈ ಕಡೆಯವರನ್ನು. ಹೊರಗಿನ ವೈರಿಗೆ ಅಷ್ಟು ದಿನ ರಜೆ. ಅಣ್ಣ ಟಿವಿಯ ದನಿ ತಗ್ಗಿಸಿದರು, ಆಮೇಲೆ ಆರಿಸಿಯೇಬಿಟ್ಟರು. ತಮ್ಮ ಇಡೀ ದಿನ ಫೋನು ಹಚ್ಚುತ್ತಲೇ ಇದ್ದರು. ಅವರ ಹೆಂಡತಿಯ ತಮ್ಮನೊಬ್ಬ ಅಲ್ಲಿ ಪೊಲೀಸಿನಲ್ಲಿದ್ದ. ಪಕ್ಷ ಗಿಕ್ಷ ಏನೂ ಇಲ್ಲ, ಸಂಬಳ ಬರುತ್ತದೆಂದು ಸಮವಸ್ತ್ರ ತೊಟ್ಟವನು. ಆ ಸಮವಸ್ತ್ರ ಹಳದಿಯವರದು. ಹಸಿರಿನವರು ಅವನನ್ನು ಮನೆ ಬಾಗಿಲಲ್ಲೇ ಕೊಂದರು ಎಂದು ಸುದ್ದಿ ಬಂತು.

ನನ್ನ ತಮಾಷೆಯ ಅರಬ್ಬಿ ಅಲ್ಲಿಗೆ ಮುಗಿದುಹೋಯಿತು ಅನಿಸಿತು. ತಮ್ಮನ ಮನೆಯಲ್ಲಿ ಸಾವಿನ ಮನೆಯವರನ್ನು ಮಾತಾಡಿಸುವ ದಿನಗಳು ನಡೆದವು. ನಾನೂ ಹೆಂಡತಿಯೂ ಹೋಗಿ ಸಕ್ಕರೆಯಿಲ್ಲದ ಕಹಿ ಕಾಫಿ ಕುಡಿದು ಬಂದೆವು. ಅಣ್ಣ ಹೋಗಲಿಲ್ಲ. ಹೋಗುವ ಧೈರ್ಯವಾಗಲಿಲ್ಲ. ದಿನಾ ಬೆಳಿಗ್ಗೆ ಅಂಗಡಿಗೆ ಬಂದು ಮರದ ಸ್ಟೂಲಿನ ಮೇಲೆ ಕೂತು, ಗಿರಾಕಿ ಏನು ಕೇಳಿದರೂ ಎರಡು ಸಲ ಹೇಳಿಸಿಕೊಳ್ಳುತ್ತಿದ್ದರು. ಮಗಳು ಊಟ ತರುವುದನ್ನು ನಿಲ್ಲಿಸಿದ್ದಳು. ಅಚ್ಚಾದ ಕಾರ್ಡುಗಳ ಕಟ್ಟು ಕತ್ತರಿಸದೆ ನನ್ನ ಮೇಜಿನ ಮೇಲೆಯೇ ಇತ್ತು.

ತಮ್ಮ ಕೆಲಸಕ್ಕೆ ಮರಳಿದ ದಿನ ನನ್ನನ್ನು ಒಳಗೆ ಕರೆದರು. ಗಡ್ಡ ಬೋಳಿಸಿರಲಿಲ್ಲ. ಕಂಪ್ಯೂಟರನ್ನು ಹಚ್ಚಿರಲಿಲ್ಲ.

"ಅವನಿಗೆ ಹೇಳು" ಎಂದರು. "ಖಲಾಸ್."

"ಅಷ್ಟೇನಾ ಉಸ್ತಾದ್?"

"ಅಷ್ಟೇ. ಅವನಿಗೆ ಅರ್ಥವಾಗುತ್ತದೆ."

ನನಗೂ ಅರ್ಥವಾಯಿತು. ಖಲಾಸ್ ಎಂದರೆ ಏನೆಂದು ಕನ್ನಡದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಗ್ಯಾಸು ಮುಗಿದರೆ ಖಲಾಸ್, ಮನುಷ್ಯ ಸತ್ತರೂ ಖಲಾಸ್. ಮದುವೆಯಿಲ್ಲ, ಸಂಬಂಧವಿಲ್ಲ, ಬಹುಶಃ ಪ್ರೆಸ್ಸೂ ಇಲ್ಲ. ಬೈಗುಳವಾಗಿದ್ದರೆ ಕುರ್ಚಿ ಮಾಡಬಹುದಿತ್ತು, ರೊಟ್ಟಿ ಮಾಡಬಹುದಿತ್ತು. ಒಂದೇ ಒಂದು ಪದವನ್ನು, ಅದೂ ನಾವೆಲ್ಲ ದಿನಕ್ಕೆ ನೂರು ಸಲ ಆಡುವ ಪದವನ್ನು, ಏನು ಮಾಡಿ ತಿರುಚುವುದು?

ಗೋಡೆ ಸುತ್ತಿ ಅಣ್ಣನ ಮುಂದೆ ಹೋಗಿ ನಿಂತೆ. "ಮುದೀರ್, ಉಸ್ತಾದ್ ಕಲಾಮ್, ಖಲಾಸ್" ಎಂದೆ. ಹೇಳುವಾಗ ನನ್ನ ತಲೆ ತಾನಾಗಿಯೇ ಆ ಭುಜದಿಂದ ಈ ಭುಜಕ್ಕೆ ಮೆಲ್ಲನೆ ಓಲಾಡಿತು. ನಮ್ಮ ಕಡೆ ಸಾವಿನ ಮನೆಯಲ್ಲಿ, ಫೇಲಾದ ಹುಡುಗನ ಮುಂದೆ, ತಪ್ಪಿಹೋದ ಬಸ್ಸಿನ ಹಿಂದೆ ಹಾಗೆ ಆಡಿಸುತ್ತೇವೆ. ಎಂತ ಮಾಡುದು, ಹಣೆಬರಹ ಎಂಬ ಅರ್ಥದಲ್ಲಿ.

ಆದರೆ ಅಣ್ಣ ಇಪ್ಪತ್ತು ಚಿಲ್ಲರೆ ವರ್ಷ ನಮ್ಮವರ ತಲೆಗಳನ್ನು ಅಧ್ಯಯನ ಮಾಡಿದವರು. ಹಿಂದಿಗಳು, ಅಂದರೆ ಭಾರತದವರು, ತಲೆ ಹೀಗೆ ಆಡಿಸಿದರೆ ಆಗಲಿ, ಒಪ್ಪಿದೆ, ಚಿಂತೆ ಬೇಡ ಎಂದು ಅರ್ಥ ಎಂದು ಹೊಸ ಅರಬ್ ಗಿರಾಕಿಗಳಿಗೆ ನನ್ನನ್ನೇ ತೋರಿಸಿ ಪಾಠ ಮಾಡುತ್ತಿದ್ದರು. ಅರಬ್ಬಿಯಲ್ಲಿ ಖಲಾಸ್ ಎಂಬುದಕ್ಕೆ ನಮ್ಮಲ್ಲಿಲ್ಲದ ಇನ್ನಷ್ಟು ಅರ್ಥಗಳೂ ಉಂಟು. ವ್ಯಾಪಾರ ಕುದುರಿದರೆ ಖಲಾಸ್. ಅಳುವ ಮಗುವಿಗೆ ಸಾಕು ಬಿಡು ಎನ್ನಲೂ ಖಲಾಸ್. ಆದದ್ದಾಯಿತು, ನಾವು ಮುಂದೆ ಹೋಗೋಣ ಎನ್ನಲೂ ಅದೇ.

ಅವರು ನನ್ನ ತಲೆಯನ್ನೇ ನೋಡಿದರು. "ಖಲಾಸ್ ಅಂದನಾ?" ಎಂದು ಕೇಳಿದರು. ದನಿ ಒಡೆದಿತ್ತು.

"ಖಲಾಸ್" ಎಂದೆ. ಪಾಪ, ಎಷ್ಟು ನೋವಾಗಿದೆ ಎಂದು ತಲೆಯನ್ನು ಇನ್ನೂ ಸ್ವಲ್ಪ ಹೆಚ್ಚು ಆಡಿಸಿದೆ.

ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಎದ್ದವರು ಸ್ಟೂಲು ಬಿದ್ದದ್ದನ್ನೂ ನೋಡದೆ ಸೀದಾ ಗೋಡೆಯ ಆ ಕಡೆಗೆ ನಡೆದರು. ನಾನು ಹಿಂದೆ ಹೋಗುವಷ್ಟರಲ್ಲಿ ತಮ್ಮನ ಕುತ್ತಿಗೆಗೆ ಬಿದ್ದು ಅಳುತ್ತಿದ್ದರು. "ದೇವರು ನಿನಗೆ ಆಯುಷ್ಯ ಕೊಡಲಿ. ನೀನು ಹುಡುಗಿಯನ್ನು ಬೇಡ ಅನ್ನುತ್ತೀಯೆಂದು ಹೆದರಿ ಸಾಯುತ್ತಿದ್ದೆ. ನಿನ್ನ ಮನೆ ಬಾಗಿಲಿಗೆ ಬರುವ ಮುಖ ನನಗಿರಲಿಲ್ಲ. ನೀನು ನನಗಿಂತ ದೊಡ್ಡವನು." ಸುಮಾರಾಗಿ ಹೀಗೆ. ಮರೆತ ಅರಬ್ಬಿಯೆಲ್ಲ ನನಗೆ ಆ ಕ್ಷಣದಲ್ಲಿ ವಾಪಸು ಬಂದಿತ್ತು.

ತಮ್ಮನ ಕೈ ಎರಡೂ ಕೆಳಗೆ ಜೋತುಬಿದ್ದಿದ್ದವು. ಅಣ್ಣನ ಹೆಗಲ ಮೇಲಿಂದ ನನ್ನನ್ನು ನೋಡಿದರು. ಏನು ಹೇಳಿದೆ ನೀನು ಎಂಬ ನೋಟ. ನನಗೆ ತಕ್ಷಣ ಕಟಿಂಗ್ ಮೆಷಿನ್ ಹತ್ತಿರ ಬಹಳ ತುರ್ತಿನ ಕೆಲಸ ನೆನಪಾಯಿತು. ಅಲ್ಲಿಂದ ಓರೆಗಣ್ಣಲ್ಲಿ ನೋಡಿದೆ. ಬಹಳ ಹೊತ್ತಿನ ಮೇಲೆ ಅವರ ಬಲಗೈ ಎದ್ದು ಅಣ್ಣನ ಬೆನ್ನ ಮೇಲೆ ಬಂತು. ನಾನು ಕಾರ್ಡಿನ ಕಟ್ಟನ್ನು ಎತ್ತಿ ಬ್ಲೇಡಿನ ಕೆಳಗಿಟ್ಟೆ.

ಆವತ್ತಿನಿಂದ ನನ್ನ ರಾಯಭಾರಿ ಹುದ್ದೆ ಹೋಯಿತು. ಅಣ್ಣ ತಮ್ಮ ನೇರವಾಗಿ, ಒಳ್ಳೆಯ ಅರಬ್ಬಿಯಲ್ಲಿ, ವ್ಯಾಕರಣಶುದ್ಧವಾಗಿ ಮಾತಾಡತೊಡಗಿದರು. ಆದ್ದರಿಂದ ದಿನಾ ಜಗಳ. ಆದರೆ ಊಟದ ಡಬ್ಬ ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿತ್ತು.

ಮದುವೆಯನ್ನು ಸ್ವಲ್ಪ ಮುಂದೂಡಿ, ಡೋಲು ಹಾಡು ಏನೂ ಇಲ್ಲದೆ ಒಂದು ಶುಕ್ರವಾರ ಮಧ್ಯಾಹ್ನ ಸಣ್ಣದಾಗಿ ಮಾಡಿದರು. ಗಂಡಸರಿಗೊಂದು ಸಭಾಂಗಣ, ಹೆಂಗಸರಿಗೊಂದು. ಎರಡೂ ಬಣ್ಣದವರು ಬಂದಿದ್ದರು. ಅನ್ನ, ಕುರಿಮಾಂಸದ ಮುಂದೆ ಕೂತಾಗ ಯಾರು ಯಾವ ಬಣ್ಣವೆಂದು ಗೊತ್ತಾಗುತ್ತಿರಲಿಲ್ಲ. ಕ್ಷೌರಿಕನೂ ಬಂದಿದ್ದ. ಊಟವಾದ ಮೇಲೆ ತಮ್ಮ ನನ್ನ ಪಕ್ಕಕ್ಕೆ ಬಂದು ಕೂತರು.

"ಆವತ್ತು ಅಣ್ಣನಿಗೆ ಏನು ಹೇಳಿದೆ?"

"ನೀವು ಹೇಳಿದ್ದನ್ನೇ ಉಸ್ತಾದ್. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ."

"ನಾನು ಮುಗಿಯಿತು ಅಂದಿದ್ದೆ."

"ಮುಗಿಯಿತಲ್ಲ ಉಸ್ತಾದ್" ಎಂದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಅವರು ನಗಲಿಲ್ಲ. ಕೈಯಲ್ಲಿದ್ದ ಕಾಫಿಯ ಬಟ್ಟಲನ್ನೇ ನೋಡುತ್ತಾ, "ನನ್ನ ಹೆಂಡತಿಗೆ ಇನ್ನೂ ಮುಗಿದಿಲ್ಲ. ಈಗ ಅವಳ ತಮ್ಮನನ್ನು ಕೊಂದವರಿಗಾಗಿ ಬಕ್ಲಾವಾ ಹಂಚಿದವನ ಮಗಳು ಅವಳ ಮನೆಗೆ ಸೊಸೆ" ಎಂದರು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಬಕ್ಲಾವಾದಲ್ಲಿ ನನ್ನ ಹೊಟ್ಟೆಗೂ ಎರಡು ಪಾಲು ಹೋಗಿತ್ತು.

ಹೆಂಗಸರ ಕಡೆ ಏನು ನಡೆಯಿತೆಂದು ಹೆಂಡತಿ ಕಾರಿನಲ್ಲಿ ಹೇಳಿದಳು. ಹುಡುಗನ ತಾಯಿ ಕಪ್ಪು ಉಡುಪಿನಲ್ಲೇ ಬಂದು ಒಂದು ಮೂಲೆಯಲ್ಲಿ ಕೂತಿದ್ದರಂತೆ. ಯಾರು ಕರೆದರೂ ಏಳಲಿಲ್ಲ.

"ಮತ್ತೆ ಆ ಹುಡುಗಿ ಎಂತ ಮಾಡಿದ್ಳು ಗೊತ್ತುಂಟಾ? ಅಷ್ಟು ದೊಡ್ಡ ಬಿಳಿ ಡ್ರೆಸ್ಸು, ಅದನ್ನು ಎತ್ತಿ ಹಿಡ್ಕೊಂಡು ಮದುಮಗಳ ಕುರ್ಚಿ ಬಿಟ್ಟು ಇಳಿದು ಬಂದು ಅತ್ತೆಯ ಪಕ್ಕದಲ್ಲಿ ಕೂತ್ಳು. ಫೋಟೋದವಳು ಕರೆದರೂ ಹೋಗ್ಲಿಲ್ಲ. ಒಂದು ಮಾತಿಲ್ಲ ಇಬ್ಬರದ್ದೂ."

"ಕೊನೆಗೂ ಮಾತಾಡ್ಲೇ ಇಲ್ವಾ?"

"ಕೊನೆಗೆ ಅತ್ತೆ ಅವಳ ಗಲ್ಲ ಹಿಡಿದು ಎಂತದೋ ಹೇಳ್ಲಿಕ್ಕೆ ಶುರು ಮಾಡಿದ್ರು. ಶೂ ಜಂಬಿಕ್, ಶೂ ಜಂಬಿಕ್ ಅಂತ. ಹೇಳಿದ್ದನ್ನೇ ಹೇಳುದು. ಇಬ್ಬರೂ ಅಳ್ತಿದ್ರು. ಹೊಸ ಶೂ ಕಚ್ಚಿದ್ದಾ ಅಂತ ನಾನು ಅವಳ ಕಾಲು ನೋಡಿದೆ. ಶೂ ಸರಿಯೇ ಇತ್ತು. ಎಂತ ಅದು?"

ಅವರ ಅರಬ್ಬಿಯಲ್ಲಿ ಶೂ ಎಂದರೆ ಏನು ಎಂದರ್ಥ. ಜಂಬ್ ಎಂದರೆ ಅಪರಾಧ. ನಾನು ಬಿಟ್ಟುಬಂದ ತರಗತಿಯ ಕೊನೆಯ ಪಾಠಗಳಲ್ಲಿ ಆ ಪದವಿತ್ತು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹೆಂಡತಿಗೆ ಹೇಳಿದೆ.

"ನಿನ್ನದೇನು ತಪ್ಪು, ಅಂತ."